ವಿವಾಹದೃಷ್ಟಾಂತವೂ ಸಭಾಖ್ಯಾನವೂ: ವ್ಯವಹಾರಶಾಸ್ತ್ರದ ಎರಡು ಲೇಖನಗಳ ವಿಮರ್ಶೆ

೧

ಶಾಸ್ತ್ರಗ್ರಂಥಗಳ ಮಾತನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮಲ್ಲಿ ವಿರಳ. ಕಾವ್ಯದಲ್ಲಿ ಶಬ್ದಾರ್ಥಗಳೆರಡೂ ಪ್ರಧಾನ, ಶಾಸ್ತ್ರದಲ್ಲಿಯಾದರೋ ಅರ್ಥವೊಂದೇ ಪ್ರಧಾನ ಎಂಬ ಭಾವನೆಯು ಇದಕ್ಕೆ ಕಾರಣವಾಗಿರಬಹುದು. ಆದರೆ ಶಾಸ್ತ್ರಕಾರರೂ ದೃಷ್ಟಾಂತದ ಆಸರೆಯಿಲ್ಲದೆ ನಡೆಯಲಾರರೆಂಬುದು ಪಾಠ ಹೇಳತಕ್ಕವರೆಲ್ಲರಿಗೂ ವಿದಿತವಾದ ಸಂಗತಿ. ಹಗ್ಗದ ಹಾವಿಲ್ಲದೆ ವೇದಾಂತವನ್ನೂ ಅಡುಗೆಮನೆಯ ಹೊಗೆಯಿಲ್ಲದೆ ತರ್ಕವನ್ನೂ ಹೇಳಿಕೊಡುವುದು ಸಾಧ್ಯವೆ? ದೃಷ್ಟಾಂತವು ತಕ್ಕುದಾಗಿದ್ದರೆ ಶಾಸ್ತ್ರವು ಶಿಷ್ಯನ ಮನಸ್ಸಿನಲ್ಲಿ ನೆಲೆಯೂರುವುದು. ತಪ್ಪಿದರೆ ಅವನು ದೃಷ್ಟಾಂತವನ್ನು ನೆನಪಿಟ್ಟುಕೊಂಡು ಶಾಸ್ತ್ರವನ್ನು ಮರೆಯುವನು. ಆದಕಾರಣ ದೃಷ್ಟಾಂತದ ಪರೀಕ್ಷೆಯು ಸಾಹಿತ್ಯವಿಮರ್ಶಕರ ಕ್ಷೇತ್ರಕ್ಕೆ ಹೊರಗಿನದೆಂದು ಹೇಳಲಾಗದು.

ಪ್ರಕೃತ ಲೇಖನದಲ್ಲಿ ನಮ್ಮ ಕಾಲದ ಒಂದು ಹೊಸ ಶಾಸ್ತ್ರದ ಎರಡು ಪ್ರಸಿದ್ಧ ಲೇಖನಗಳನ್ನು ಈ ದೃಷ್ಟಿಯಿಂದ ಪರಾಮರ್ಶಿಸಲು ಉದ್ದೇಶಿಸಿದೆ. ಗಣಕಯಂತ್ರಗಳಲ್ಲಿ ಲೆಕ್ಕಪತ್ರಗಳನ್ನು ಇಡತಕ್ಕ ವ್ಯವಸ್ಥೆಗೆ ದತ್ತಸಂಚಯವೆಂದು ಹೆಸರು. ಡೇಟಾಬೇಸ್ ಎಂಬುದು ಬಳಕೆಯ ಮಾತು. ಅದು ಒಂದೇ ಯಂತ್ರದಲ್ಲಿರದೆ ದೂರದೂರದ ಅನೇಕ ಯಂತ್ರಗಳಲ್ಲಿ ಹರಡಿಕೊಂಡಿರುವಾಗ ಒಂದು ವ್ಯವಹಾರವನ್ನು ಲೋಪವಿಲ್ಲದೆ ಮುಗಿಸುವುದು ಹೇಗೆಂಬುದೇ ಈ ಎರಡು ಲೇಖನಗಳ ವಿಷಯವಾಗಿರುವುದು. ಮೊದಲನೆಯದು ಅಮೆರಿಕ ದೇಶದ ಜಿಮ್ ಗ್ರೇ ಮಹಾಶಯರು ೧೯೮೧ರಲ್ಲಿ ವ್ಯವಹಾರವೆಂಬ ಕಲ್ಪನೆಯ ಗುಣಗಳನ್ನೂ ಮಿತಿಗಳನ್ನೂ ಕುರಿತು ಬರೆದುದು. ಎರಡನೆಯದು ಅದೇ ದೇಶದ ಲೆಸ್ಲಿ ಲ್ಯಾಂಪೋರ್ಟ್ ಮಹಾಶಯರು ಬಿಡುವಿನ ವೇಳೆಯಲ್ಲಿ ಕೂಡುವ ಒಂದು ಶಾಸನಸಭೆಯನ್ನು ಕುರಿತು ಬರೆದುದು. ೧೯೯೦ರಲ್ಲಿ ಪತ್ರಿಕೆಗೆ ಕಳುಹಿಸಲ್ಪಟ್ಟ ಇದು ಪ್ರಕಟವಾದುದು ೧೯೯೮ರಲ್ಲಿ. ಇಬ್ಬರಿಗೂ ಗಣಕಶಾಸ್ತ್ರದ ಪರಮಪ್ರಶಸ್ತಿಯಾದ ಟ್ಯೂರಿಂಗ್ ಪ್ರಶಸ್ತಿಯು ಸಂದಿದೆ. ಗ್ರೇಯವರಿಗೆ ೧೯೯೮ನೆಯ ವರ್ಷದ್ದು, ಲ್ಯಾಂಪೋರ್ಟರಿಗೆ ೨೦೧೩ನೆಯ ವರ್ಷದ್ದು.

ಇಂಥ ವಿಷಯವು ಕನ್ನಡದ ಸಾಹಿತ್ಯೋಪಾಧ್ಯಾಯರಿಗೆ ಏಕೆ ಬೇಕೆಂದು ಕೇಳಬಹುದು. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಎಂಟು ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಪಾಠ ಹೇಳಲು ಅನುಮತಿಯಿತ್ತಿದೆ. ಹೀಗಿರಲು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯತಕ್ಕ ಕಾಲವು ದೂರವಿಲ್ಲ. ಆಗ ಪಾರಿಭಾಷಿಕ ಶಬ್ದಗಳನ್ನು ಮಾತ್ರ ಅನುವಾದಿಸಿ ದೃಷ್ಟಾಂತಗಳನ್ನು ಇದ್ದಂತೆಯೇ ಎತ್ತಿ ತಂದರೆ ಏನಾಗುವುದೆಂಬುದನ್ನು ಮೊದಲೇ ವಿಚಾರಿಸುವುದು ಯುಕ್ತ.

೨

ವಿಮರ್ಶೆಗೆ ಮುನ್ನ ಪ್ರಮೇಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. ದತ್ತಸಂಚಯವನ್ನು ಕೋಷ್ಟಕಗಳ ರೂಪದಲ್ಲಿ ಕಾಣತಕ್ಕ ಪದ್ಧತಿಗೆ ಎಡ್ಗರ್ ಕಾಡ್ ಮಹಾಶಯರು ೧೯೭೦ರಲ್ಲಿ ಪ್ರಕಟಿಸಿದ ಲೇಖನವೇ ಮೂಲ. ಕೋಷ್ಟಕವೆಂದರೆ ಟೇಬಲ್. ಅದರ ಪ್ರತಿಯೊಂದು ಸಾಲೂ ಒಂದು ಸಂಗತಿಯನ್ನು ಹೇಳುವ ವಾಕ್ಯ. ಪ್ರತಿಯೊಂದು ಅಂಕಣವೂ ಆ ವಾಕ್ಯದ ಒಂದು ಪದದ ಸ್ಥಾನ. ಇಂಥ ಖಾತೆದಾರನಿಗೆ ಇಂಥ ಶಾಖೆಯಲ್ಲಿ ಇಷ್ಟು ಹಣವಿದೆಯೆಂಬುದು ಒಂದು ಸಾಲು. ಯಂತ್ರವು ಇದನ್ನು ಒಳಗೆ ಎಲ್ಲಿ, ಹೇಗೆ ಇಟ್ಟುಕೊಂಡಿದೆಯೆಂಬ ಚಿಂತೆ ಬಳಸುವವನಿಗೆ ಬೇಡವೆಂಬುದು ಕಾಡರ ಮುಖ್ಯಾಭಿಪ್ರಾಯ.

ಈಗ ಮೈಸೂರಿನ ಖಾತೆಯಿಂದ ಧಾರವಾಡದ ಖಾತೆಗೆ ೫೦೦ ರೂಪಾಯಿಗಳನ್ನು ವರ್ಗಾಯಿಸಬೇಕೆಂದಿಟ್ಟುಕೊಳ್ಳೋಣ. ಒಂದು ಕೋಷ್ಟಕದಲ್ಲಿ ಕಳೆಯಬೇಕು, ಮತ್ತೊಂದರಲ್ಲಿ ಕೂಡಬೇಕು. ಕಳೆದ ಮೇಲೆ, ಕೂಡುವುದಕ್ಕೆ ಮುಂಚೆ, ಯಂತ್ರವು ನಿಂತುಹೋದರೆ ಆ ೫೦೦ ರೂಪಾಯಿ ಎರಡೂ ಕಡೆ ಇಲ್ಲದೆ ಮಾಯವಾಗುವುದು. ಆದಕಾರಣ ಎರಡು ಕ್ರಿಯೆಗಳನ್ನೂ ಸೇರಿಸಿ ಒಂದೇ ವ್ಯವಹಾರವೆಂದು ಭಾವಿಸಿ, ನಡೆದರೆ ಪೂರ್ಣವಾಗಿ ನಡೆಯಬೇಕು, ಇಲ್ಲವಾದರೆ ಏನೂ ನಡೆಯದಂತಿರಬೇಕು ಎಂಬ ನಿಯಮವನ್ನು ಮಾಡಿರುವರು. ಇದೇ ಅಖಂಡತೆ. ಲೆಕ್ಕದ ನಿಯಮಗಳು ಕೆಡದಿರುವುದು ಸಂಗತಿ. ಒಮ್ಮೆ ನಿಶ್ಚಿತವಾದುದು ಯಂತ್ರ ಕೆಟ್ಟರೂ ಅಳಿಯದಿರುವುದು ಸ್ಥಿರತೆ. ಗ್ರೇಯವರು ತಮ್ಮ ೧೯೮೧ರ ಲೇಖನದಲ್ಲಿ ಹೇಳಿದುದು ಈ ಮೂರು ಲಕ್ಷಣಗಳನ್ನು. ಏಕಕಾಲದಲ್ಲಿ ನಡೆಯುವ ಎರಡು ವ್ಯವಹಾರಗಳು ಒಂದರೊಳಗೊಂದು ಬೆರೆಯದಿರುವ ಪ್ರತ್ಯೇಕತೆಯನ್ನು ಸೇರಿಸಿ ಲಕ್ಷಣಗಳು ನಾಲ್ಕೆಂದು ೧೯೮೩ರಲ್ಲಿ ಹೆಸರಿಸಿದವರು ಜರ್ಮನಿಯ ಹೆರ್ಡರ್ ಮತ್ತು ರಾಯ್ಟರ್ ಎಂಬ ವಿದ್ವಾಂಸರು.

ಸ್ಥಿರತೆಯನ್ನು ಸಾಧಿಸುವ ಉಪಾಯವು ನಮ್ಮ ಅಂಗಡಿಕಾರರಿಗೆ ಹೊಸದಲ್ಲ. ಅವರು ದಿನದ ಕೊಡುಕೊಳ್ಳುವಿಕೆಯನ್ನು ಮೊದಲು ಕೀರ್ದಿಯಲ್ಲಿ ಅನುಕ್ರಮವಾಗಿ ಬರೆದು, ಆಮೇಲೆ ಖಾತೆಗೆ ಏರಿಸುವರು. ಖಾತೆಯು ಕೆಟ್ಟರೆ ಕೀರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು; ಕೀರ್ದಿಯು ಹೋದರೆ ಖಾತೆಗೆ ಆಧಾರವಿಲ್ಲ. ದತ್ತಸಂಚಯದಲ್ಲಿಯೂ ಹೀಗೆಯೇ. ಮಾಡಲಿರುವ ಬದಲಾವಣೆಯನ್ನು ಮೊದಲು ಕೀರ್ದಿಯಂಥ ಒಂದು ದಾಖಲೆಯ ಕೊನೆಗೆ ಸೇರಿಸಿ, ಅದು ಭದ್ರವಾಯಿತೆಂದು ತಿಳಿದ ಮೇಲೆಯೇ ನಿಶ್ಚಯವನ್ನು ಸಾರತಕ್ಕದ್ದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಲಗಾರನು ಕಂತುಕಂತಾಗಿ ತೀರಿಸಿದ ಹಣವನ್ನು ಸಾಲಪತ್ರದ ಹಿಂಭಾಗದಲ್ಲಿ ಬರೆಯಬೇಕೆಂಬ ವಿಧಿಯಿದೆ. ಮೂಲದ ಮೊತ್ತವನ್ನು ಅಳಿಸಿ ತಿದ್ದದೆ, ನಡೆದುದನ್ನು ನಡೆದ ಕ್ರಮದಲ್ಲಿ ಸೇರಿಸುವುದು ಎಂಬ ವಿವೇಕವು ಎರಡೆಡೆಯಲ್ಲಿಯೂ ಒಂದೇ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ನಮ್ಮ ನಾಡಿನ ಹೆಮ್ಮೆ. ಟ್ರಾನ್ಸಾಕ್ಷನ್ ಎಂಬುದಕ್ಕೆ ವ್ಯವಹಾರವೆಂಬ ಶಬ್ದವನ್ನು ಇಲ್ಲಿ ಬಳಸಿರುವುದಕ್ಕೆ ಈ ಸಂಪ್ರದಾಯವೇ ಕಾರಣ.

೩

ಇನ್ನು ಗ್ರೇಯವರ ದೃಷ್ಟಾಂತ. ವ್ಯವಹಾರವೆಂಬ ಕಲ್ಪನೆಯು ಕರಾರಿನ ಕಾನೂನಿನಿಂದ ಬಂದುದೆಂದು ಅವರು ಹೇಳುವರು. ಇಬ್ಬರು ಬಹುಕಾಲ ಮಾತುಕತೆಯಾಡಿ ಕೊನೆಗೆ ಕರಾರಿಗೆ ಬದ್ಧರಾಗುವರು. ಒಬ್ಬರಲ್ಲೊಬ್ಬರಿಗೆ ಪೂರ್ಣ ವಿಶ್ವಾಸವಿಲ್ಲದಿದ್ದರೆ ಮಧ್ಯಸ್ಥನೊಬ್ಬನನ್ನು ನೇಮಿಸುವರು. ಇದಕ್ಕೆ ಉದಾಹರಣೆಯಾಗಿ ಕ್ರೈಸ್ತರ ವಿವಾಹವಿಧಿಯನ್ನು ಅವರು ಎತ್ತಿಕೊಂಡಿದ್ದಾರೆ. ಪಾದ್ರಿಯು ಆಕ್ಷೇಪವುಂಟೇ ಎಂದು ಸಭೆಯನ್ನು ಕೇಳುವನು. ವಧೂವರರನ್ನು ಒಬ್ಬೊಬ್ಬರನ್ನಾಗಿ ಸಮ್ಮತಿಯುಂಟೇ ಎಂದು ಕೇಳುವನು. ಇಬ್ಬರೂ ಉಂಟೆಂದರೆ ದಂಪತಿಗಳೆಂದು ಸಾರುವನು. ಒಬ್ಬರು ಇಲ್ಲವೆಂದರೂ ವಿವಾಹವಿಲ್ಲ.

ಅನೇಕ ಯಂತ್ರಗಳಲ್ಲಿ ಹರಡಿದ ವ್ಯವಹಾರವನ್ನು ಮುಗಿಸುವ ಪ್ರಸಿದ್ಧ ವಿಧಾನವು ಹೀಗೆಯೇ ಎರಡು ಹಂತಗಳುಳ್ಳದ್ದು. ಗ್ರೇಯವರೇ ೧೯೭೮ರಲ್ಲಿ ಇದನ್ನು ನಿರೂಪಿಸಿರುವರು. ಸಂಯೋಜಕನೆಂಬ ಒಂದು ಯಂತ್ರವು ಮೈಸೂರು, ಧಾರವಾಡ ಎರಡನ್ನೂ ಸಿದ್ಧವಾಗಿರುವಿರಾ ಎಂದು ಕೇಳುವುದು. ಪ್ರತಿಯೊಂದು ಯಂತ್ರವೂ ತನ್ನ ಕೀರ್ದಿಯಲ್ಲಿ ಸಿದ್ಧವೆಂದು ಬರೆದುಕೊಂಡು ಉತ್ತರ ಹೇಳುವುದು. ಎಲ್ಲ ಉತ್ತರಗಳೂ ಅನುಕೂಲವಾದರೆ ಸಂಯೋಜಕನು ನಿಶ್ಚಯವೆಂದು ತನ್ನ ಕೀರ್ದಿಯಲ್ಲಿ ಬರೆದು ಎಲ್ಲರಿಗೂ ತಿಳಿಸುವನು. ಒಂದು ಪ್ರತಿಕೂಲವಾದರೂ ಪರಿತ್ಯಾಗವೆಂದು ತಿಳಿಸುವನು.

ಆಲಂಕಾರಿಕರ ರೀತಿಯಲ್ಲಿ ನೋಡಿದರೆ ಈ ಉಪಮೆಯ ಅಂಗಗಳೆಲ್ಲವೂ ಪುಷ್ಟವಾಗಿವೆ. ವಧೂವರರು ಯಂತ್ರಗಳು, ಪಾದ್ರಿಯು ಸಂಯೋಜಕನು, ಎಲ್ಲರ ಸಮ್ಮತಿಯ ಮೇಲೆ ಒಬ್ಬನ ಘೋಷಣೆಯಿಂದ ಸ್ಥಿತಿಯು ಒಮ್ಮೆಲೇ ಬದಲಾಗುವುದೇ ಸಾಧಾರಣಧರ್ಮ. ಸಾಮಾನ್ಯರೂ ವಿಚಾರಪರರೂ ಭೇದವಿಲ್ಲದೆ ಒಪ್ಪತಕ್ಕ ವಸ್ತುವೇ ದೃಷ್ಟಾಂತಕ್ಕೆ ಅರ್ಹವೆಂಬುದು ಗೌತಮನ ನ್ಯಾಯದರ್ಶನದ ಮತ. ಗ್ರೇಯವರ ಓದುಗರಲ್ಲಿ ಈ ವಿಧಿಯನ್ನು ಅರಿಯದವರು ವಿರಳ. ಆದಕಾರಣ ಅವರ ಮಟ್ಟಿಗೆ ಇದು ಶುದ್ಧವಾದ ದೃಷ್ಟಾಂತ. ಅದನ್ನು ಬೆಳೆಸದೆ ಕೆಲವೇ ವಾಕ್ಯಗಳಲ್ಲಿ ಮುಗಿಸಿರುವುದೂ ಶ್ಲಾಘ್ಯ.

ಆದರೆ ಪ್ರತಿಯೊಂದು ಉಪಮೆಯೂ ಒಂದೆಡೆಯಲ್ಲಿ ಮುರಿಯುವುದು. ಮುಖವು ಚಂದ್ರನಂತಿದೆಯೆಂದವನನ್ನು ಹಾಗಾದರೆ ಅಮಾವಾಸ್ಯೆಯಂದೇನು ಗತಿಯೆಂದು ಯಾರೂ ಕೇಳುವುದಿಲ್ಲ. ಕಾವ್ಯದಲ್ಲಿ ಆ ಪ್ರಶ್ನೆ ಅರಸಿಕತೆ. ಶಾಸ್ತ್ರದಲ್ಲಿ ಅದೇ ಕರ್ತವ್ಯ. ವಧೂವರರಿಬ್ಬರೂ ಸಮ್ಮತಿಸಿದ ಮೇಲೆ, ಘೋಷಣೆಗೆ ಮುಂಚೆ, ಪಾದ್ರಿಯು ಮೂರ್ಛೆಹೋದರೆ? ಮಂಟಪದಲ್ಲಿ ಇದರಿಂದ ಬಾಧಕವಿಲ್ಲ. ಎಲ್ಲರೂ ಎಲ್ಲವನ್ನೂ ಕೇಳಿರುವರು, ಮತ್ತೊಬ್ಬನನ್ನು ಕರೆಸುವರು. ಯಂತ್ರಗಳಾದರೋ ಒಂದೇ ಮಂಟಪದಲ್ಲಿಲ್ಲ. ಮೈಸೂರಿನ ಯಂತ್ರಕ್ಕೆ ತಾನು ಒಪ್ಪಿದೆನೆಂಬುದು ಗೊತ್ತು. ಧಾರವಾಡವು ಏನು ಹೇಳಿತೋ ಗೊತ್ತಿಲ್ಲ. ಸಂಯೋಜಕನು ನಿಶ್ಚಯವನ್ನು ಬರೆದು ಕೆಟ್ಟನೋ ಬರೆಯುವ ಮುಂಚೆಯೇ ಕೆಟ್ಟನೋ ಅದೂ ಗೊತ್ತಿಲ್ಲ. ಒಪ್ಪಿದ ಮೇಲೆ ಹಿಂದೆಗೆಯುವಂತಿಲ್ಲ, ಆಜ್ಞೆಯಿಲ್ಲದೆ ಮುಂದುವರಿಯುವಂತಿಲ್ಲ. ಆ ಖಾತೆಯ ಸಾಲಿಗೆ ಬೀಗ ಹಾಕಿಕೊಂಡು, ಸಂಯೋಜಕನು ಏಳುವವರೆಗೆ ಅದು ಕಾಯುತ್ತಿರಬೇಕು. ಅನ್ಯರಾರೂ ಆ ಸಾಲನ್ನು ಮುಟ್ಟಲಾಗದು.

ಗ್ರೇಯವರ ಉಪಮೆಯಲ್ಲಿ ಹೇಳದೆಯೇ ಅಡಗಿದ್ದ ಸಂಗತಿಗಳು ಎರಡು: ಒಂದೇ ಮಂಟಪ, ಮತ್ತು ಸಾಯದ ಪುರೋಹಿತ. ಇವೆರಡನ್ನೂ ತೆಗೆದುಬಿಟ್ಟರೆ ಶಾಸ್ತ್ರದ ಮುಂದಿನ ಪ್ರಶ್ನೆಯು ತಾನಾಗಿ ನಿಲ್ಲುವುದು. ಆದುದರಿಂದ ಈ ಮುರಿತವನ್ನು ದೋಷವೆಂದೆಣಿಸಬೇಕಾಗಿಲ್ಲ. ಶಾಸ್ತ್ರದಲ್ಲಿ ಉತ್ತಮವಾದ ದೃಷ್ಟಾಂತವು ಎಲ್ಲಿ ಮುರಿಯುವುದೋ ಅಲ್ಲಿಯೇ ಮುಂದಿನ ಅಧ್ಯಾಯವು ಆರಂಭವಾಗುವುದು. ಅಧಮವಾದುದು ವಿಷಯಕ್ಕೆ ಸಂಬಂಧವಿಲ್ಲದ ಕಡೆ ಮುರಿದು ಶಿಷ್ಯನನ್ನು ದಾರಿ ತಪ್ಪಿಸುವುದು. ಈ ಒಂದು ಮಾನದಂಡದಿಂದಲೇ ಮುಂದಿನ ಲೇಖನವನ್ನೂ ಅಳೆಯಬೇಕಾಗಿದೆ.

೪

ಲ್ಯಾಂಪೋರ್ಟರು ದೃಷ್ಟಾಂತವನ್ನು ಕೆಲವು ವಾಕ್ಯಗಳಿಗೆ ಮಿತಗೊಳಿಸದೆ ಇಡಿಯ ಲೇಖನವನ್ನೇ ಆಖ್ಯಾಯಿಕೆಯಾಗಿ ರಚಿಸಿದರು. ಗ್ರೀಸ್ ದೇಶದ ಪಾಕ್ಸೋಸ್ ದ್ವೀಪದಲ್ಲಿ ಪ್ರಾಚೀನಕಾಲದಲ್ಲಿ ಒಂದು ಶಾಸನಸಭೆಯಿತ್ತಂತೆ. ಅದರ ಅವಶೇಷಗಳು ಉತ್ಖನನದಲ್ಲಿ ದೊರೆತಿವೆಯಂತೆ. ಸಭಾಸದರೆಲ್ಲರೂ ವ್ಯಾಪಾರಿಗಳು, ಯಾರೂ ಸಭೆಯಲ್ಲಿ ಸದಾ ಕುಳಿತಿರಲಾರರು. ಸಭಾಭವನದಲ್ಲಿ ಧ್ವನಿಯು ಸ್ಪಷ್ಟವಾಗಿ ಕೇಳಿಸದ ಕಾರಣ ಭಾಷಣವು ಅಸಾಧ್ಯ. ಮಾತೆಲ್ಲವೂ ದೂತರ ಮೂಲಕವೇ. ದೂತರು ಸಂದೇಶವನ್ನು ಬದಲಾಯಿಸುವುದಿಲ್ಲ, ಆದರೆ ತಡಮಾಡುವರು, ಕಳೆದುಕೊಳ್ಳುವರು, ಕೆಲವು ವೇಳೆ ಎರಡು ಸಲ ಒಪ್ಪಿಸುವರು. ಪ್ರತಿಯೊಬ್ಬ ಸಭಾಸದನ ಕೈಯಲ್ಲಿಯೂ ಒಂದು ಖಾತೆಪುಸ್ತಕವುಂಟು. ಅದರಲ್ಲಿ ಬರೆದುದು ಅಳಿಸಲಾಗದ ಮಸಿಯಿಂದ ಬರೆದುದು. ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಸಂಖ್ಯೆಯ ಶಾಸನವು ಒಂದೇ ಆಗಿರಬೇಕೆಂಬುದು ಪ್ರತಿಜ್ಞೆ.

ಇಲ್ಲಿ ಕಥೆಯ ಒಂದೊಂದು ಅಂಗವೂ ಶಾಸ್ತ್ರದ ಒಂದೊಂದು ಪ್ರಮೇಯವನ್ನು ಹೊತ್ತಿರುವುದು. ಸಭಾಸದನು ಯಂತ್ರ; ಅವನು ಎದ್ದುಹೋಗುವುದು ಯಂತ್ರವು ಕೆಡುವುದು; ದೂತನು ಸಂಪರ್ಕಜಾಲ; ಅಳಿಸಲಾಗದ ಮಸಿಯು ಸ್ಥಿರವಾದ ದಾಖಲೆ. ಗ್ರೇಯವರ ಉಪಮೆಯಲ್ಲಿ ಅಡಗಿದ್ದ ಒಂದೇ ಮಂಟಪವು ಇಲ್ಲಿ ಧ್ವನಿ ಕೇಳಿಸದ ಭವನವಾಗಿ ಮುರಿದಿದೆ. ಸಾಯದ ಪುರೋಹಿತನ ಬದಲಿಗೆ ಬಂದುಹೋಗುವ ಸಭಾಸದರ ಸಮೂಹವಿದೆ. ಈ ಸಭೆಯ ಪದ್ಧತಿಯು ಇನ್ನೂ ಪ್ರಾಚೀನವಾದ ಒಂದು ಪುರೋಹಿತಮಂಡಲಿಯ ಆಚಾರದಿಂದ ಬಂದುದೆಂದೂ, ಆ ಮಂಡಲಿಯು ೧೯ ವರ್ಷಗಳಿಗೊಮ್ಮೆ ಸೇರಿ ಒಂದೇ ಒಂದು ಶಾಸನವನ್ನು ಆರಿಸುತ್ತಿತ್ತೆಂದೂ ಕಥೆಯಲ್ಲಿದೆ. ಒಬ್ಬ ಪುರೋಹಿತನ ಸ್ಥಾನದಲ್ಲಿ ಪುರೋಹಿತರ ಮಂಡಲಿಯು ಬಂದಿರುವುದನ್ನು ವಾಚಕರು ಗಮನಿಸತಕ್ಕದ್ದು.

ಪದ್ಧತಿಯ ಸಾರವಿಷ್ಟು. ಮತದಾನದ ಸುತ್ತುಗಳಿಗೆ ಏರುವ ಸಂಖ್ಯೆಗಳುಂಟು. ಎರಡು ಸುತ್ತುಗಳಿಗೆ ಒಂದೇ ಸಂಖ್ಯೆಯಿರುವುದಿಲ್ಲ. ಅಧ್ಯಕ್ಷನು ಹೊಸ ಸಂಖ್ಯೆಯೊಂದನ್ನು ಸಾರಿ, ಇದಕ್ಕಿಂತ ಹಿಂದಿನ ಸುತ್ತುಗಳಲ್ಲಿ ನೀವು ಕೊನೆಯದಾಗಿ ಯಾವ ಶಾಸನಕ್ಕೆ ಮತವಿತ್ತಿರಿ ಎಂದು ಕೇಳುವನು. ಸದಸ್ಯನು ಉತ್ತರಿಸುವಾಗ, ಇನ್ನು ಮೇಲೆ ಇದಕ್ಕಿಂತ ಕಿರಿಯ ಸಂಖ್ಯೆಯ ಸುತ್ತಿನಲ್ಲಿ ಮತ ಕೊಡುವುದಿಲ್ಲವೆಂದು ಮಾತು ಕೊಟ್ಟಂತಾಗುವುದು. ಅರ್ಧಕ್ಕಿಂತ ಹೆಚ್ಚು ಜನರಿಂದ ಉತ್ತರ ಬಂದ ಮೇಲೆ, ಆ ಉತ್ತರಗಳಲ್ಲಿ ಅತ್ಯಂತ ಹಿರಿಯ ಸಂಖ್ಯೆಯ ಸುತ್ತಿನಲ್ಲಿ ಮತ ಪಡೆದ ಶಾಸನವನ್ನೇ ಅಧ್ಯಕ್ಷನು ಮುಂದಿಡಬೇಕು. ಯಾರೂ ಹಿಂದೆ ಮತವಿತ್ತಿಲ್ಲವಾದರೆ ಮಾತ್ರ ತನ್ನಿಷ್ಟದಂತೆ ಆರಿಸಬಹುದು. ಮತ್ತೆ ಬಹುಮತವು ದೊರೆತರೆ ಶಾಸನವು ಸಿದ್ಧ. ಯುಕ್ತಿಯು ಒಂದು ಸರಳವಾದ ಗಣಿತದಲ್ಲಿದೆ: ಒಂದೇ ಸಭೆಯ ಯಾವ ಎರಡು ಬಹುಮತದ ಕೂಟಗಳನ್ನು ತೆಗೆದುಕೊಂಡರೂ ಇಬ್ಬರಿಗೂ ಸಾಮಾನ್ಯನಾದ ಒಬ್ಬನಾದರೂ ಇದ್ದೇ ಇರುವನು. ಐವರಲ್ಲಿ ಮೂವರು ಇಂದು, ಮೂವರು ನಾಳೆ ಸೇರಿದರೆ, ಇಂದಿನ ನಿಶ್ಚಯಕ್ಕೆ ನಾಳೆ ಒಬ್ಬ ಸಾಕ್ಷಿಯಿರುವನು, ಅವನ ಕೈಯಲ್ಲಿ ಅಳಿಸಲಾಗದ ಮಸಿಯ ಪುಸ್ತಕವಿರುವುದು. ಪುರೋಹಿತನು ಸತ್ತರೂ ಸಾಕ್ಷಿಯು ಉಳಿದನು.

ಇಬ್ಬರು ತಾವೇ ಅಧ್ಯಕ್ಷರೆಂದು ಭಾವಿಸಿದರೂ ಪುಸ್ತಕಗಳಲ್ಲಿ ವಿರೋಧವು ಬರಲಾರದು. ಆದರೆ ಒಬ್ಬರ ಸುತ್ತನ್ನು ಇನ್ನೊಬ್ಬರು ಕೆಡಿಸುತ್ತ ಕಾರ್ಯವು ಮುಂದುವರಿಯದೆ ಹೋಗಬಹುದು. ಇದನ್ನು ಪೂರ್ಣವಾಗಿ ತಪ್ಪಿಸುವುದು ಅಸಾಧ್ಯವೆಂಬುದಕ್ಕೂ ಆಧಾರವಿದೆ. ಸಂದೇಶದ ತಡಕ್ಕೆ ಮಿತಿಯಿಲ್ಲದ ಕಡೆ ಒಂದು ಯಂತ್ರವು ಕೆಡಬಹುದೆಂದರೂ ಸಾಕು, ನಿಶ್ಚಿತಕಾಲದಲ್ಲಿ ಐಕಮತ್ಯಕ್ಕೆ ಬಂದೇ ತೀರುವ ನಿಯತವಾದ ಪದ್ಧತಿಯಿರಲಾರದೆಂದು ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ೧೯೮೫ರಲ್ಲಿ ಸಾಧಿಸಿದ್ದರು.

೫

ಇಷ್ಟು ಸತ್ತ್ವವುಳ್ಳ ಲೇಖನವು ಎಂಟು ವರ್ಷ ಪ್ರಕಟವಾಗದೆ ಇದ್ದುದೇಕೆ? ಲ್ಯಾಂಪೋರ್ಟರೇ ಬರೆದಿರುವಂತೆ, ಪತ್ರಿಕೆಯ ಮೂವರು ಪರೀಕ್ಷಕರೂ ವಿಷಯವು ತಕ್ಕಮಟ್ಟಿಗೆ ಸ್ವಾರಸ್ಯವಾದುದು, ಆದರೆ ಪಾಕ್ಸೋಸಿನ ಕಥೆಯನ್ನು ತೆಗೆದುಹಾಕಬೇಕೆಂದು ಅಭಿಪ್ರಾಯಪಟ್ಟರು. ಅವರು ಅದಕ್ಕೆ ಒಪ್ಪದೆ ಲೇಖನವನ್ನು ಹಾಗೆಯೇ ಇಟ್ಟುಬಿಟ್ಟರು. ಉತ್ಖನನ ಮಾಡುವ ಸಾಹಸಿಯ ವೇಷದಲ್ಲಿ ಅವರು ಕೆಲವು ಉಪನ್ಯಾಸಗಳನ್ನೂ ಕೊಟ್ಟರಂತೆ. ಕೇಳಿದವರಿಗೆ ವೇಷವು ನೆನಪಿನಲ್ಲಿ ಉಳಿಯಿತು, ಪದ್ಧತಿಯು ಉಳಿಯಲಿಲ್ಲ. ಕೊನೆಗೆ ೨೦೦೧ರಲ್ಲಿ ಕಥೆಯನ್ನು ಬಿಟ್ಟು ಅದೇ ಪದ್ಧತಿಯನ್ನು ಸರಳವಾದ ಗದ್ಯದಲ್ಲಿ ಮತ್ತೆ ಬರೆದರು.

ಇದನ್ನು ಆಧಾರವಾಗಿಟ್ಟುಕೊಂಡು ಪೂರ್ವಪಕ್ಷಿಯು ಹೀಗೆ ಹೇಳುವನು: ಶಾಸ್ತ್ರಕ್ಕೆ ಕಥೆಯು ಭಾರ, ಲೇಖಕನೇ ಅದನ್ನು ಕೈಬಿಟ್ಟ ಮೇಲೆ ವಿಚಾರಕ್ಕೆ ಅವಕಾಶವೆಲ್ಲಿ? ಈ ವಾದವು ನಿಲ್ಲಲಾರದು. ಕಥೆಯೊಂದೇ ಕ್ಲಿಷ್ಟತೆಗೆ ಕಾರಣವಾಗಿದ್ದರೆ ೨೦೦೧ರ ಗದ್ಯವು ಸುಲಭಗ್ರಾಹ್ಯವಾಗಬೇಕಾಗಿತ್ತು. ಆದರೆ ೨೦೧೪ರಲ್ಲಿ ಒಂಗಾರೋ ಮತ್ತು ಔಸ್ಟರ್‌ಹೌಟ್ ಎಂಬವರು ಪಾಕ್ಸೋಸ್ ಪದ್ಧತಿಯು ದುರವಗಾಹವೆಂದೇ ದೂರಿ, ಅದಕ್ಕೆ ಬದಲಾಗಿ ರಾಫ್ಟ್ ಎಂಬ ಬೇರೊಂದು ಪದ್ಧತಿಯನ್ನು ರಚಿಸಿದರು. ಎರಡನ್ನೂ ಕಲಿತ ೪೩ ವಿದ್ಯಾರ್ಥಿಗಳಲ್ಲಿ ೩೩ ಮಂದಿ ರಾಫ್ಟಿನ ಪ್ರಶ್ನೆಗಳಿಗೇ ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು ವರದಿ ಮಾಡಿದರು. ಒಂದೇ ಶಾಸನವನ್ನು ಆರಿಸುವ ಮಂಡಲಿಯನ್ನು ಮೊದಲು ಹೇಳಿ, ಅದರ ಮೇಲೆ ಶಾಸನಪರಂಪರೆಯನ್ನು ಕಟ್ಟುವ ಕ್ರಮವೇ ಕ್ಲೇಶಕ್ಕೆ ಕಾರಣವೆಂಬುದು ಅವರ ಅಭಿಪ್ರಾಯ. ಕ್ಲೇಶದ ಮೂಲವು ನಿರೂಪಣಕ್ರಮದಲ್ಲಿಯೂ ಇದೆಯೆಂದ ಮೇಲೆ ತಪ್ಪನ್ನೆಲ್ಲ ಕಥೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನೊಂದು ಸಂಗತಿ. ಅದೇ ಲ್ಯಾಂಪೋರ್ಟರು ಷೋಸ್ಟಾಕ್ ಮತ್ತು ಪೀಸ್ ಎಂಬವರೊಡನೆ ೧೯೮೨ರಲ್ಲಿ ಬೈಜಾಂಟಿಯಮ್ ಸೇನಾಪತಿಗಳ ಕಥೆಯನ್ನು ಹೇಳಿದ್ದರು. ಒಂದು ನಗರವನ್ನು ಮುತ್ತಿರುವ ಸೇನಾಪತಿಗಳಲ್ಲಿ ಕೆಲವರು ದ್ರೋಹಿಗಳು. ಉಳಿದವರು ಒಮ್ಮತಕ್ಕೆ ಬರುವುದು ಹೇಗೆ? ಆ ಕಥೆಯು ಲೋಕಪ್ರಸಿದ್ಧವಾಯಿತು. ಒಬ್ಬನೇ ಕಥೆಗಾರನ ಒಂದು ಕಥೆ ಗೆದ್ದು ಇನ್ನೊಂದು ಸೋತುದಕ್ಕೆ ಕಾರಣವೇನು? ನಮಗೆ ತೋರುವುದು ಹೀಗೆ. ಸೇನಾಪತಿಗಳ ಕಥೆಯು ಹೊತ್ತುದು ಪ್ರಶ್ನೆಯನ್ನು ಮಾತ್ರ. ಉತ್ತರವು ಬಂದಾಗ ಕಥೆಯು ಹಿಂದೆ ಸರಿಯುವುದು. ಪಾಕ್ಸೋಸಿನ ಕಥೆಯಾದರೋ ಪ್ರಶ್ನೆ, ಉತ್ತರ, ಉಪಪತ್ತಿ, ಇತಿಹಾಸ ಎಲ್ಲವನ್ನೂ ಹೊರಹೋಯಿತು. ಪ್ರಶ್ನೆಯನ್ನು ಕಥೆಯು ಸುಖವಾಗಿ ಹೊರಬಲ್ಲದು. ಉಪಪತ್ತಿಯು ತನ್ನ ಕಾಲಮೇಲೆಯೇ ನಡೆಯಬೇಕು.

ಅಲ್ಲದೆ ಈ ಕಥೆಯಲ್ಲಿ ಎರಡು ಬಗೆಯ ಅಂಗಗಳುಂಟು. ಸಭಾಸದರ ಹೆಸರುಗಳು ಈ ಶಾಸ್ತ್ರದಲ್ಲಿ ದುಡಿದ ವಿದ್ವಾಂಸರ ಹೆಸರುಗಳನ್ನೇ ಗ್ರೀಕ್ ಅಕ್ಷರಗಳ ವೇಷದಲ್ಲಿ ತಂದುವು. ಅಚ್ಚಾಗುವಾಗ ಮಾರ್ಜುಲ್ಲೋ ಎಂಬವರು ಸೇರಿಸಿದ ಟಿಪ್ಪಣಿಗಳು ಕಳೆದುಹೋಗಿದ್ದ ಹಸ್ತಪ್ರತಿಯು ಪತ್ರಿಕೆಯ ಕಾರ್ಯಾಲಯದಲ್ಲಿ ದೊರೆಯಿತೆಂದು ನಟಿಸುವುವು. ಇವು ಬಲ್ಲವರಿಗೆ ವಿನೋದ, ಹೊಸಬನಿಗೆ ಪೊದರು. ಶಾಸ್ತ್ರದ ಯಾವ ಪ್ರಮೇಯವನ್ನೂ ಇವು ಹೊತ್ತಿಲ್ಲವಾದ ಕಾರಣ ಅಧಮಪಕ್ಷಕ್ಕೆ ಸೇರತಕ್ಕವು. ಖಾತೆಪುಸ್ತಕ, ಮಸಿ, ಮರೆಗುಳಿಯಾದ ದೂತ, ಎದ್ದುಹೋಗುವ ಸಭಾಸದ ಎಂಬಿವು ಮಾತ್ರ ಲೋಕಸಿದ್ಧವಾದುವು. ಇವುಗಳನ್ನು ತೆಗೆದರೆ ಶಾ‍ಸ್ತ್ರದ ಪೂರ್ವಾಂಗೀಕಾರಗಳೇ ಕಾಣೆಯಾಗುವುವು. ಪಾಕ್ಸೋಸಿನ ಸಭೆಯನ್ನು ಯಾರೂ ಕಂಡಿಲ್ಲವಾದುದರಿಂದ ಇಡಿಯ ಕಥೆಯು ನ್ಯಾಯಮತದ ದೃಷ್ಟಾಂತವಾಗಲಾರದು. ಅದರ ಈ ಅಂಗಗಳು ಆಗಬಲ್ಲುವು.

ಕಥೆಯ ಅತ್ಯುತ್ತಮ ಭಾಗವು ಅದರ ಕೊನೆಯಲ್ಲಿದೆ. ಸಭೆಯ ಸದಸ್ಯರನ್ನೂ ಶಾಸನದಿಂದಲೇ ಬದಲಾಯಿಸಬಹುದಾಗಿತ್ತು. ಹಡಗು ಒಡೆದು ಮುಳುಗಿಹೋದ ನಾವಿಕರನ್ನು ಗೌರವಿಸಲು ಮಾಡಿದ ಒಂದು ಶಾಸನದಲ್ಲಿ ಲಿಪಿಕಾರನ ತಪ್ಪಿನಿಂದ ಆ ಮೃತರೇ ಸಭೆಯ ಏಕಮಾತ್ರ ಸದಸ್ಯರೆಂದಾಯಿತು. ಆಮೇಲೆ ಯಾವ ಶಾಸನವೂ ನಡೆಯಲಿಲ್ಲ. ಆ ತಪ್ಪನ್ನು ತಿದ್ದತಕ್ಕ ಶಾಸನವೂ ನಡೆಯಲಿಲ್ಲ. ಸೇನಾಪತಿಯೊಬ್ಬನು ಅಧಿಕಾರವನ್ನು ಕಸಿದುಕೊಂಡನು. ನಿಯಮವನ್ನು ಬದಲಾಯಿಸತಕ್ಕ ಅಧಿಕಾರವು ಆ ನಿಯಮದೊಳಗೇ ಇದ್ದರೆ ಒಂದು ತಪ್ಪಿನಿಂದ ಇಡಿಯ ವ್ಯವಸ್ಥೆಯು ಶಾಶ್ವತವಾಗಿ ಸ್ತಬ್ಧವಾಗಬಹುದೆಂಬ ಎಚ್ಚರಿಕೆಯನ್ನು ಇದಕ್ಕಿಂತ ಸಂಕ್ಷೇಪವಾಗಿಯೂ ಮರೆಯಲಾಗದಂತೆಯೂ ಹೇಳುವುದು ಕಷ್ಟ. ಇಲ್ಲಿ ಹಾಸ್ಯವೇ ಉಪದೇಶವಾಗಿದೆ. ಕಥೆಯನ್ನು ತೆಗೆಯಿರೆಂದ ಪರೀಕ್ಷಕರ ಮಾತನ್ನು ಪಾಲಿಸಿದ್ದರೆ ಇದೂ ಹೋಗುತ್ತಿತ್ತು.

ಎರಡು ದೃಷ್ಟಾಂತಗಳ ಸಂಬಂಧವು ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ಪ್ರಮಾಣವೂ ಉಂಟು. ಗ್ರೇ ಮತ್ತು ಲ್ಯಾಂಪೋರ್ಟ್ ಇಬ್ಬರೂ ಸೇರಿ ವ್ಯವಹಾರದ ನಿಶ್ಚಯಕ್ಕೆ ಐಕಮತ್ಯವನ್ನು ಬಳಸುವ ಬಗೆಯನ್ನು ಕುರಿತು ಬರೆದ ಲೇಖನವು ೨೦೦೬ರಲ್ಲಿ ಪ್ರಕಟವಾಯಿತು. ಒಬ್ಬ ಸಂಯೋಜಕನ ಸ್ಥಾನದಲ್ಲಿ ಹಲವರನ್ನಿಡುವುದು ಅದರ ವಿಷಯ. ಒಬ್ಬನೂ ಕೆಡಬಾರದೆಂದು ಭಾವಿಸಿದರೆ ಹಳೆಯ ಎರಡು ಹಂತಗಳ ವಿಧಾನವೇ ಅದರ ವಿಶೇಷರೂಪವಾಗಿ ಉಳಿಯುವುದೆಂದು ಅವರು ತೋರಿಸಿರುವರು. ಅದರ ಮರುವರ್ಷ, ೨೦೦೭ರ ಜನವರಿಯಲ್ಲಿ, ಗ್ರೇಯವರು ಸ್ಯಾನ್ ಫ್ರಾನ್ಸಿಸ್ಕೋ ನಗರದಾಚೆಯ ಸಮುದ್ರದಲ್ಲಿ ತಮ್ಮ ದೋಣಿಯೊಡನೆ ಕಾಣೆಯಾದರು. ೨೦೧೨ರಲ್ಲಿ ಗೂಗಲ್ ಸಂಸ್ಥೆಯವರು ವಿವರಿಸಿದ ಸ್ಪ್ಯಾನರ್ ಎಂಬ ದತ್ತಸಂಚಯದಲ್ಲಿ ಕೋಷ್ಟಕದ ಒಂದೊಂದು ಭಾಗವನ್ನೂ ಪಾಕ್ಸೋಸಿನ ಪದ್ಧತಿಯಂತೆ ಹಲವು ಯಂತ್ರಗಳ ಒಂದೊಂದು ಮಂಡಲಿಯು ಕಾಯುವುದು. ಅಂಥ ಮಂಡಲಿಗಳ ನಡುವೆ ಎರಡು ಹಂತಗಳ ವಿವಾಹವು ನಡೆಯುವುದು.

೬

ಈಗ ಕನ್ನಡದ ಪ್ರಶ್ನೆ. ಗ್ರೇಯವರ ವಿವಾಹವನ್ನು ಅನುವಾದಕನು ಹೇಗೆ ತರಬೇಕು? ಪಾದ್ರಿ ಎಂಬಲ್ಲಿ ಪುರೋಹಿತನೆಂದು ಬರೆದರೆ ಸಾಕೆಂದು ತೋರಬಹುದು. ಆದರೆ ನಮ್ಮ ವೈದಿಕವಿವಾಹದಲ್ಲಿ ಪುರೋಹಿತನು ಇಬ್ಬರ ಮತವನ್ನೂ ಕೇಳಿ ಫಲವನ್ನು ಘೋಷಿಸುವ ಪದ್ಧತಿಯಿಲ್ಲ. ಸಪ್ತಪದಿಯ ಏಳನೆಯ ಹೆಜ್ಜೆಯಲ್ಲಿ ವಿವಾಹವು ಸಿದ್ಧವಾಗುವುದೆಂದು ಮನುಸ್ಮೃತಿಯ ಮತ. ಸಪ್ತಪದಿಯುಳ್ಳ ವಿವಾಹಗಳಿಗೆ ೧೯೫೫ರ ಹಿಂದೂ ವಿವಾಹ ಕಾಯಿದೆಯೂ ಅದನ್ನೇ ಅಂಗೀಕರಿಸಿರುವುದು. ಆರು ಹೆಜ್ಜೆಯಿಟ್ಟರೆ ಅರ್ಧಕ್ಕಿಂತ ಹೆಚ್ಚು ವಿವಾಹವಾಯಿತೆಂದಿಲ್ಲ. ಏಳಾದರೆ ಹಿಂದಕ್ಕೆ ಹೋಗುವಂತಿಲ್ಲ. ಅಖಂಡತೆಗೆ ಇದಕ್ಕಿಂತ ಶುದ್ಧವಾದ ದೃಷ್ಟಾಂತವು ಬೇರೆ ಬೇಕಿಲ್ಲ. ಆದರೆ ಸಂಯೋಜಕನಿಗೆ ಇಲ್ಲಿ ಸ್ಥಾನವಿಲ್ಲದುದರಿಂದ ಎರಡು ಹಂತಗಳ ವಿಧಾನಕ್ಕೆ ಇದು ಒದಗದು. ಶಬ್ದವನ್ನು ಮಾತ್ರ ಬದಲಾಯಿಸಿದ ಅನುವಾದಕನು ಕನ್ನಡದ ವಿದ್ಯಾರ್ಥಿಗೆ ಅವನು ಕಂಡ ವಿವಾಹವನ್ನೂ ಕೆಡಿಸಿ, ಕಾಣದ ಶಾಸ್ತ್ರವನ್ನೂ ಕೆಡಿಸುವನು.

ಎರಡು ಹಂತಗಳಿಗೆ ಪಾಲುಪಟ್ಟಿಯು ತಕ್ಕ ದೃಷ್ಟಾಂತವೆಂದು ನಮ್ಮ ಅಭಿಪ್ರಾಯ. ಅಣ್ಣತಮ್ಮಂದಿರು ಬೇರೆಬೇರೆ ಊರುಗಳಲ್ಲಿರುವರು. ಊರಿನ ಹಿರಿಯನೊಬ್ಬನು ಆಸ್ತಿಯ ವಿಭಾಗವನ್ನು ಗೊತ್ತುಮಾಡಿ ಒಬ್ಬೊಬ್ಬರಿಗೂ ಕಾಗದ ಬರೆದು ಸಮ್ಮತಿಯನ್ನು ಕೇಳುವನು. ಒಬ್ಬನು ಒಪ್ಪದಿದ್ದರೂ ವಿಭಾಗವಿಲ್ಲ. ಎಲ್ಲರೂ ಒಪ್ಪಿದರೆ ಪಟ್ಟಿಯು ನಿಶ್ಚಿತ. ಒಪ್ಪಿ ಬರೆದುಕೊಟ್ಟವನು ಉತ್ತರ ಬರುವವರೆಗೆ ಹೊಲವನ್ನು ಮಾರುವಂತಿಲ್ಲ, ತನ್ನದೆಂದು ಉಳುವಂತೆಯೂ ಇಲ್ಲ. ಹಿರಿಯನು ನಡುವೆ ತೀರಿಕೊಂಡರೆ ಎಲ್ಲರ ಗತಿಯೂ ಅತಂತ್ರ. ಅದಕ್ಕಾಗಿ ಒಬ್ಬನ ಬದಲು ಐವರು ಪಂಚರನ್ನು ಗೊತ್ತುಮಾಡಿ, ಒಬ್ಬೊಬ್ಬರ ಕೈಯಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಮೂವರ ಬರಹವು ಸೇರಿದರೆ ಪ್ರಮಾಣವೆಂದು ಮಾಡಿದರೆ ಗ್ರೇಯವರಿಂದ ಲ್ಯಾಂಪೋರ್ಟರವರೆಗಿನ ದಾರಿಯು ಒಂದೇ ಕಥೆಯಲ್ಲಿ ಮುಗಿಯುವುದು. ದಾಯವಿಭಾಗವನ್ನು ವಿಸ್ತಾರವಾಗಿ ವಿಚಾರಿಸಿದ ಮಿತಾಕ್ಷರೆಯು ಹುಟ್ಟಿದ ನಾಡಿನಲ್ಲಿ ಇದು ಪರಕೀಯವೆನಿಸಲಾರದು.

ಈ ದೃಷ್ಟಾಂತವೂ ಮುರಿಯಲೇಬೇಕು. ಎಲ್ಲಿ ಮುರಿಯುವುದೆಂದರೆ, ಮನುಷ್ಯರಲ್ಲಿ ಪಂಚರೂ ಪಕ್ಷಪಾತಿಗಳಾಗಬಹುದು, ಒಬ್ಬನಿಗೊಂದು ಇನ್ನೊಬ್ಬನಿಗೊಂದು ಹೇಳಬಹುದು, ಪುಸ್ತಕದಲ್ಲಿ ಸುಳ್ಳು ಬರೆಯಬಹುದು. ಪಾಕ್ಸೋಸಿನ ಸಭಾಸದರು ಮರೆಯುವರು, ಎದ್ದುಹೋಗುವರು, ಆದರೆ ಸುಳ್ಳಾಡರು. ಸುಳ್ಳಾಡುವವರು ಸೇರಿದಾಗ ಏನು ಮಾಡಬೇಕೆಂಬುದು ಬೈಜಾಂಟಿಯಮ್ ಸೇನಾಪತಿಗಳ ಅಧ್ಯಾಯ. ಆದಕಾರಣ ಇದು ಮುರಿಯತಕ್ಕ ಸ್ಥಳದಲ್ಲಿಯೇ ಮುರಿಯುವುದೆಂದು ಹೇಳಬಹುದು.

ಶಾಸ್ತ್ರದ ಪರಿಭಾಷೆಯನ್ನು ನಿರ್ಣಯಿಸುವುದಕ್ಕೆ ಸಮಿತಿಗಳುಂಟು, ಕೋಶಗಳುಂಟು. ದೃಷ್ಟಾಂತಗಳನ್ನು ನಿರ್ಣಯಿಸುವ ಕೋಶವಿಲ್ಲ. ಆ ಕಾರ್ಯವು ಪಾಠ ಹೇಳತಕ್ಕವರ ಮೇಲೆಯೇ ಬಿದ್ದಿರುವುದು. ವಸ್ತುವು ಲೋಕಸಿದ್ಧವೇ, ಪ್ರತಿಯೊಂದು ಅಂಗವೂ ಒಂದು ಪ್ರಮೇಯವನ್ನು ಹೊತ್ತಿದೆಯೇ, ಮುರಿದೆಡೆಯಲ್ಲಿ ಮುಂದಿನ ಪ್ರಶ್ನೆಯು ಹುಟ್ಟುವುದೇ ಎಂಬ ಮೂರನ್ನು ಪರೀಕ್ಷಿಸಿದ ಹೊರತು ಯಾವ ದೃಷ್ಟಾಂತವನ್ನೂ ಕನ್ನಡದ ಪುಸ್ತಕಕ್ಕೆ ಸೇರಿಸಬಾರದೆಂಬುದು ನಮ್ಮ ಸಿದ್ಧಾಂತ. ಇದರ ಯುಕ್ತಾಯುಕ್ತತೆಯನ್ನು ವಿದ್ವಜ್ಜನರು ವಿಚಾರಿಸಬೇಕೆಂದು ಪ್ರಾರ್ಥನೆ.